ಕಾಡಾನೆಯ ಪರವಾಗಿ ರೇಡಿಯೊದಲ್ಲಿ ಮಾತಾಡುವವರಿಗೆ

ಹಾಸನ, ಮಡಿಕೇರಿ ಆಕಾಶವಾಣಿಯಲ್ಲಿ ವನ್ಯಜೀವಿ ಸಂರಕ್ಷಣೆ ಕುರಿತು ಮಾತಾಡಲು ಕರೆ ಬಂದಿದೆಯೇ? ಕೇಳುವವರಲ್ಲಿ ಆನೆ ತುಳಿದ ಗದ್ದೆಯವರಿದ್ದಾರೆ, ಲೈನ್ ಮನೆಯಿಂದ ತೋಟಕ್ಕೆ ನಡೆದು ಹೋಗುವ ಕೂಲಿಕಾರರಿದ್ದಾರೆ. ಅವರಿಗೆ ಉಪಯೋಗಕ್ಕೆ ಬಂದ ಮಾತು ಮಾತ್ರ ಆನೆಯನ್ನೂ ಉಳಿಸುತ್ತದೆ.

1. ಮೊದಲು ನಷ್ಟದ ಮಾತಾಡಿ. ಬೆಳೆ ಹೋಗಿದೆ, ಜೀವಗಳೂ ಹೋಗಿವೆ. ಅದನ್ನು ಒಪ್ಪಿಕೊಳ್ಳದೆ ಗಜರಾಜನ ಗುಣಗಾನಕ್ಕೆ ಇಳಿದರೆ ರೇಡಿಯೊ ಆಫ್ ಆಗುತ್ತದೆ.

2. ಕಾಲ ನೋಡಿ ಸಮಯ ಕೇಳಿ. ಸಾಮಾನ್ಯವಾಗಿ ಕರೆಯುವುದು ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹಕ್ಕೆ. ಹೋಗಿ. ಆದರೆ ಹಲಸು ಹಣ್ಣಾಗುವಾಗ, ಭತ್ತ ಕೊಯ್ಲಿಗೆ ಬಂದಾಗ ಆನೆಗಳು ತೋಟ, ಗದ್ದೆಗೆ ಇಳಿಯುತ್ತವೆ. ಆಗಲೂ ಹತ್ತು ನಿಮಿಷ ಕೊಡಿ ಎಂದು ನೀವೇ ಕೇಳಿ.

3. ಅಂಕಿ ಒಂದು ಸಾಕು. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಅಂದಾಜು 6,395. ಓದುವಾಗ ‘ಸುಮಾರು ಆರು ಸಾವಿರದ ನಾನೂರು’ ಎನ್ನಿ.

4. ಮಾಡಬೇಕಾದ್ದನ್ನು ಬಿಡಿಸಿ ಹೇಳಿ. ‘ಜಾಗೃತರಾಗಿರಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಸುಕಿನಲ್ಲಿ ಒಬ್ಬರೇ ತೋಟದ ದಾರಿ ಹಿಡಿಯಬೇಡಿ, ನಡೆಯುವಾಗ ಕಿವಿಗೆ ಇಯರ್‌ಫೋನ್ ಬೇಡ, ಆನೆ ಕಂಡರೆ ಮೊಬೈಲ್ ಎತ್ತಿ ಹತ್ತಿರ ಹೋಗಬೇಡಿ, ಬೇಲಿಗೆ ನೇರ ಕರೆಂಟ್ ಹರಿಸಬೇಡಿ ಎನ್ನಿ. ಸೋಲಾರ್ ಬೇಲಿ ಜುಮ್ಮೆನಿಸಿ ಹಿಂದಕ್ಕಟ್ಟುತ್ತದೆ; ನೇರ ಕರೆಂಟು ಆನೆಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ಈ ವ್ಯತ್ಯಾಸ ವಿವರಿಸಲು ಒಂದಿಡೀ ನಿಮಿಷ ತೆಗೆದುಕೊಳ್ಳಿ.

5. ಜಾಗದ ಹೆಸರು ಯೋಚಿಸಿ ಬಳಸಿ. ಆನೆ ಹಿಂಡು ಯಾವ ಊರಿನ ಬಳಿಯಿದೆ ಎಂದು ಖಚಿತವಾಗಿ ಗೊತ್ತಿದ್ದರೆ ತಿಳಿಸಲೇಬೇಕು. ಚಿಪ್ಪುಹಂದಿ, ನಕ್ಷತ್ರ ಆಮೆ ಎಲ್ಲಿ ಕಂಡವು ಎಂಬುದನ್ನು ಮಾತ್ರ ಹೇಳಲೇಬಾರದು. ಕಳ್ಳಸಾಗಣೆಯವರೂ ರೇಡಿಯೊ ಕೇಳುತ್ತಾರೆ.

6. ಶಬ್ದ ಕೇಳಿಸಿ. ಆನೆಯ ಘೀಳು, ರೊಚ್ಚಿಗೆದ್ದ ಜನರ ಕೂಗಾಟ. ಅರ್ಧ ನಿಮಿಷ ಸಾಕು.

7. ಸಿಟ್ಟಿನ ಕರೆಗೆ ಹೆದರಬೇಡಿ. ಫೋನ್‌-ಇನ್‌ನಲ್ಲಿ ಯಾರಾದರೂ ‘ಎಲ್ಲ ಆನೆ ಹಿಡ್ಕೊಂಡು ಹೋಗ್ಲಿ ಸ್ವಾಮಿ’ ಅಂತಾರೆ. ವಾದಕ್ಕೆ ನಿಲ್ಲಬೇಡಿ, ನಡೆದದ್ದನ್ನು ತಿಳಿಸಿ. ಆಲೂರು, ಸಕಲೇಶಪುರ ಕಡೆ 2014ರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಬೇರೆ ಆನೆಗಳು ಬಂದವು. ಕಾಡು ತುಂಡಾದ ಮೇಲೆ ಆನೆಗೆ ಕಾಫಿ ತೋಟವೇ ನೆರಳು, ನೀರು. ಬೆಳೆಗಾರರಿಗೆ ಇದು ಗೊತ್ತು. ನಿಮಗೂ ಗೊತ್ತಿದೆ ಎಂದಾಗ ಮಾತು ಮುಂದುವರಿಯುತ್ತದೆ.

8. ಕೊನೆಗೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಹೇಳಿ, ಒಂದೊಂದೇ ಅಂಕಿಯಾಗಿ, ಎರಡು ಸಲ. ಬರೆದುಕೊಳ್ಳಲು ಪೆನ್ನು ಹುಡುಕುವಷ್ಟು ಹೊತ್ತು ಕೊಡಿ.