ಭಾರವಾದ ಯಂತ್ರವನ್ನು ಮಟ್ಟವಾಗಿ ನಿಲ್ಲಿಸುವ ಬಗೆ

1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಒಂದು ಅಪೂರ್ವವಾದ ಪಯಣ ನಡೆಯಿತು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ 39 ಅಡಿ ಎತ್ತರದ ಏಕಶಿಲಾ ಬಾಹುಬಲಿ ಮೂರ್ತಿಯನ್ನು ಬಹು ಗಾಲಿಗಳ ಬಂಡಿಯ ಮೇಲೆ ಮಲಗಿಸಿ ಸಾಗಿಸಲಾಯಿತು. ಅದರ ತೂಕ ಸುಮಾರು 170 ಟನ್ನು. 1982ರಲ್ಲಿ ಅದರ ಪ್ರತಿಷ್ಠೆ ಜರುಗಿತು. ಅದೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಸ್ಥಾಪಿತವಾದ 35 ಅಡಿಯ ಮೂರ್ತಿಯಾದರೋ ನಾಲ್ಕು ಶತಮಾನಗಳ ಮಳೆಗಾಲಗಳನ್ನು ಕಂಡೂ ನೆಟ್ಟಗೆ ನಿಂತಿದೆ. ಭಾರವನ್ನು ಇಳಿಸುವುದು, ನಿಲ್ಲಿಸುವುದು, ನಿಂತದ್ದು ವಾಲದಂತೆ ನೋಡಿಕೊಳ್ಳುವುದು - ಈ ಮೂರು ಸಮಸ್ಯೆಗಳು ಶಿಲ್ಪಕ್ಕೆ ಮಾತ್ರ ಮೀಸಲಲ್ಲ. ಬಂಟ್ವಾಳದಲ್ಲೋ ಮೂಡಬಿದಿರೆಯಲ್ಲೋ ಒಂದು ಮುದ್ರಣಾಲಯಕ್ಕೆ ನಾಲ್ಕು ಟನ್ನಿನ ಯಂತ್ರ ಬಂದಿಳಿದ ದಿನವೂ ಅವೇ ಏಳುತ್ತವೆ.

ಲ್ಯಾಮಿನೇಷನ್ ಯಂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪುಸ್ತಕದ ರಕ್ಷಾಪುಟದ ಮೇಲೆ ಹೊಳೆಯುವ ತೆಳು ಪದರವನ್ನು ಅಂಟಿಸುವ ಯಂತ್ರವಿದು. ಬಿಸಿಯಾದ ಉಕ್ಕಿನ ಉರುಳೆಗೂ ರಬ್ಬರಿನ ಉರುಳೆಗೂ ನಡುವೆ ಕಾಗದವೂ ಪದರವೂ ಜೊತೆಯಾಗಿ ಹಾಯುತ್ತವೆ. ಉರುಳೆಗಳು ಪರಸ್ಪರ ಸಮಾಂತರವಾಗಿದ್ದರೆ ಒತ್ತಡ ಉದ್ದಕ್ಕೂ ಒಂದೇ ಸಮನಾಗಿರುತ್ತದೆ. ಇಲ್ಲವಾದರೆ ಪದರ ಸುಕ್ಕುಗಟ್ಟಿ ಒಂದು ಬದಿಗೆ ಸರಿಯುತ್ತದೆ. ಇಡೀ ಯಂತ್ರ ಒಂದೇ ಕಡೆಗೆ ಕೂದಲೆಳೆಯಷ್ಟು ವಾಲಿದ್ದರೆ ಹೆಚ್ಚಿನ ಕೇಡಿಲ್ಲ. ಅದರ ಚೌಕಟ್ಟು ತಿರುಚಿಕೊಂಡರೆ ಮಾತ್ರ ಕೇಡು ತಪ್ಪದು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ತಿರುಚುವಿಕೆ ಎಲ್ಲಿಂದ ಬರುತ್ತದೆ? ಮೂರು ಕಲ್ಲಿನ ಒಲೆಯ ಮೇಲಿಟ್ಟ ಪಾತ್ರೆ ಎಂದೂ ಅಲುಗದು, ಏಕೆಂದರೆ ಯಾವ ಮೂರು ಬಿಂದುಗಳೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಬಿಂದುವಿಗೆ ಆ ನಿಯಮವಿಲ್ಲ. ನಾಲ್ಕು ಟನ್ನಿನ ಯಂತ್ರದ ಒಂದೊಂದು ಕಾಲೂ ಒಂದು ಟನ್ನನ್ನು ಹೊರುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಕಾಲಿನ ಕೆಳಗೆ ನೆಲ ಒಂದು ಮಿಲಿಮೀಟರು ತಗ್ಗಾಗಿದ್ದು, ಚೌಕಟ್ಟು ಬಾಗದಷ್ಟು ಗಟ್ಟಿಯಾಗಿದ್ದು, ಗುರುತ್ವಕೇಂದ್ರ ನಟ್ಟನಡುವೆ ಇದ್ದರೆ, ಇಡೀ ಭಾರ ಕರ್ಣದ ಎರಡು ತುದಿಗಳ ಕಾಲುಗಳ ಮೇಲೆ ಬೀಳುತ್ತದೆ. ಈ ಸ್ಥಿತಿಯಲ್ಲಿ ಬೋಲ್ಟುಗಳನ್ನು ಬಿಗಿದೆವೆಂದರೆ ತೇಲುವ ಕಾಲನ್ನು ನೆಲಕ್ಕೆ ಎಳೆದು ಚೌಕಟ್ಟನ್ನು ನಾವೇ ತಿರುಚಿದಂತಾಗುತ್ತದೆ. ಆದುದರಿಂದ ಬಿಗಿಯುವ ಮೊದಲು ಪ್ರತಿಯೊಂದು ಕಾಲಿನಡಿಗೂ ತೆಳು ತಗಡನ್ನು ತೂರಿಸಿ ನೋಡಬೇಕು. ಸಂದು ಇದ್ದಲ್ಲಿ ಅಷ್ಟೇ ದಪ್ಪದ ಉಕ್ಕಿನ ತಗಡುಗಳನ್ನು ಕೊಡಬೇಕು.

ಇನ್ನು ನೆಲದ ವಿಚಾರ. ನಮ್ಮ ಈ ತಾಲೂಕುಗಳಲ್ಲಿ ಸಮತಟ್ಟಾದ ನಿವೇಶನ ಸುಲಭವಾಗಿ ದೊರೆಯುವುದಿಲ್ಲ. ಗುಡ್ಡದ ಒಂದು ಮಗ್ಗುಲನ್ನು ಕಡಿದು, ಆ ಮಣ್ಣನ್ನೇ ಇನ್ನೊಂದು ಮಗ್ಗುಲಿಗೆ ತುಂಬಿ ಅಂಗಳ ಮಾಡುತ್ತಾರೆ. ಕಡಿದ ಭಾಗದಲ್ಲಿ ಗಟ್ಟಿಯಾದ ಮುರಕಲ್ಲು; ತುಂಬಿದ ಭಾಗದಲ್ಲಿ ಸಡಿಲ ಮಣ್ಣು. ಮೇಲೆ ಸಿಮೆಂಟು ಹಾಸಿದ ಮೇಲೆ ಎರಡೂ ಒಂದೇ ಎಂಬಂತೆ ಕಾಣುತ್ತವೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ನಾಡಿದು. ತುಂಬಿದ ಮಣ್ಣು ನೀರು ಕುಡಿದು ಕುಸಿಯುತ್ತದೆ, ಮುರಕಲ್ಲು ಕುಸಿಯುವುದಿಲ್ಲ. ಎರಡರ ಮೇಲೂ ಕಾಲಿಟ್ಟ ಯಂತ್ರ ತಿರುಚಿಕೊಳ್ಳದೆ ಇನ್ನೇನಾದೀತು? ಕೆಲವು ಕಡೆ ಮುರಕಲ್ಲಿನ ಪದರವೇ ತೆಳುವಾಗಿದ್ದು ಅದರಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಅದು ಗಟ್ಟಿ, ನೆನೆದಾಗ ಬಲವನ್ನೇ ಕಳೆದುಕೊಳ್ಳುತ್ತದೆ. ಹೀಗಾಗಿ ನಾವು ಪಂಚಾಂಗವೆಂದು ಕರೆಯುವ ಅಡಿಪಾಯವನ್ನು ಇಡೀ ಯಂತ್ರಕ್ಕೆ ಒಂದೇ ದಿಮ್ಮಿಯಾಗಿ, ಸಾಧ್ಯವಾದಷ್ಟು ಕಡಿದ ಭಾಗದ ಮೇಲೆಯೇ ಹಾಕುವುದು ಲೇಸು; ಮಳೆನೀರು ಬದಿಗೆ ಹರಿದುಹೋಗುವಂತೆ ಚರಂಡಿಯೂ ಬೇಕು. ಯಂತ್ರಕ್ಕೆ ಲಕ್ಷಗಟ್ಟಲೆ ಸುರಿದು ಈ ಚರಂಡಿಗೆ ಕೈ ಬಿಗಿಹಿಡಿಯುವುದು ವಿವೇಕವೆಂದು ನಮಗೆ ತೋರುವುದಿಲ್ಲ.

ಇಳಿಸುವಾಗ ಎರಡು ಲೆಕ್ಕಗಳು ಪ್ರಾಣಕ್ಕೆ ಸಂಬಂಧಪಟ್ಟವು. ಕೊಕ್ಕೆಯಿಂದ ಎರಡು ಉಕ್ಕಿನ ಹಗ್ಗಗಳು ಇಳಿದು ಭಾರವನ್ನು ಹಿಡಿದಿವೆ ಎನ್ನೋಣ. ಅವು ನೇರವಾಗಿದ್ದರೆ ಒಂದೊಂದರ ಮೇಲೆ ಎರಡು ಟನ್ನು. ಕ್ಷಿತಿಜ ರೇಖೆಗೆ 30 ಡಿಗ್ರಿಯಷ್ಟು ಬಾಗಿದರೆ ಒಂದೊಂದರ ಮೇಲೂ ಪೂರ್ತಿ ನಾಲ್ಕು ಟನ್ನು. 15 ಡಿಗ್ರಿಗೆ ಇಳಿದರೆ ಸುಮಾರು ಏಳೂಮುಕ್ಕಾಲು ಟನ್ನು! ಹಗ್ಗ ಗಿಡ್ಡವಾದಷ್ಟೂ ಅಪಾಯ ಹೆಚ್ಚು. ಎರಡನೆಯದು ಇಳಿಜಾರಿನದು. ಕೊಳವೆಗಳ ಮೇಲೆ ಉರುಳಿಸುವಾಗ ಘರ್ಷಣೆ ಬಹು ಅಲ್ಪ. ಹತ್ತಕ್ಕೆ ಒಂದರಷ್ಟು ಇಳುಕಲಿನಲ್ಲಿ ಸುಮಾರು 400 ಕಿಲೋಗ್ರಾಂ ತೂಕದಷ್ಟು ಬಲ ಯಂತ್ರವನ್ನು ಕೆಳಕ್ಕೆ ಎಳೆಯುತ್ತದೆ. ನಾಲ್ಕಾರು ಜನ ಎದುರು ನಿಂತು ಅದನ್ನು ತಡೆಯುವುದು ಸಾಧ್ಯವಿಲ್ಲ. ಹಿಂದಿನಿಂದ ಹಗ್ಗ ಕಟ್ಟಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಇಳಿಜಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ಜಾಕಿಯಿಂದ ಎತ್ತುವಾಗಲೂ ಎಚ್ಚರ ಬೇಕು. ನಾಲ್ಕು ಟನ್ನನ್ನು ಹತ್ತು ಸೆಂಟಿಮೀಟರು ಎತ್ತಿದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿಯೂ 50 ಕಿಲೋಗ್ರಾಂ ಅಕ್ಕಿಯ ಮೂಟೆ ಎಂಟು ಮೀಟರು ಎತ್ತರದಿಂದ ಬೀಳುವಾಗಿನ ಶಕ್ತಿಯೂ ಒಂದೇ. ಎತ್ತಿದಷ್ಟಕ್ಕೂ ಮರದ ದಿಮ್ಮಿಗಳನ್ನು ಒಡನೊಡನೆ ಕೊಡುತ್ತ ಹೋಗಬೇಕು. ಕೈಯನ್ನು ಎಂದೂ ಅಡಿಗೆ ತೂರಿಸಬಾರದು, ದಿಮ್ಮಿಯನ್ನು ಇನ್ನೊಂದು ಕೋಲಿನಿಂದ ತಳ್ಳಬೇಕು.

ಮಟ್ಟ ನೋಡಲು ಗಾರೆಯವರ ರಸಮಟ್ಟ ಇಲ್ಲಿ ಸಾಲದು. ಯಂತ್ರಗಳಿಗೆ ಬಳಸುವ ರಸಮಟ್ಟದಲ್ಲಿ ಒಂದು ಮೀಟರಿಗೆ 0.02 ಮಿಲಿಮೀಟರು ಏರಿದರೆ ಗುಳ್ಳೆ ಒಂದು ಮನೆ ಸರಿಯುತ್ತದೆ. ಒಂದು ಮನೆಯ ಅಗಲ ಎರಡು ಮಿಲಿಮೀಟರು ಆದರೆ, ಗಾಜಿನ ನಳಿಗೆ 100 ಮೀಟರು ತ್ರಿಜ್ಯದ ವೃತ್ತದ ಚಾಪದಂತೆ ಬಾಗಿರಬೇಕು! ಕಣ್ಣಿಗದು ನೇರವಾಗಿಯೇ ಕಾಣುತ್ತದೆ. ಉಪಕರಣದ ದೋಷವನ್ನು ಕಳೆಯಲು ಅದನ್ನು ತುದಿ ಬದಲಿಸಿ ಎರಡು ಬಾರಿ ಓದಿ ಸರಾಸರಿ ತೆಗೆಯಬೇಕು. ಅದನ್ನಿಡುವುದು ಬಣ್ಣ ಬಳಿದ ಮೈಮೇಲಲ್ಲ. ಉರುಳೆಯ ಮೇಲೆ ಉದ್ದಕ್ಕೆ, ಮತ್ತು ಯಂತ್ರದ ನಯಗೊಳಿಸಿದ ಮೇಲ್ಮೈಯ ಮೇಲೆ ಅಡ್ಡಕ್ಕೆ. ಮಟ್ಟ ಸರಿಹೋದ ಮೇಲೆಯೇ ಕಾಲುಗಳಡಿಗೆ ಕುಗ್ಗದ ಸಿಮೆಂಟು ಗಾರೆಯನ್ನು ತುಂಬಿ, ಅದು ಗಟ್ಟಿಯಾಗುವವರೆಗೆ ಕಾದು, ಬೋಲ್ಟುಗಳನ್ನು ಕರ್ಣಾನುಸಾರವಾಗಿ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಬಿಗಿದ ನಂತರ ಗುಳ್ಳೆ ಸರಿದಿದ್ದರೆ ಯಾವುದೋ ಕಾಲು ಇನ್ನೂ ತೇಲುತ್ತಿದೆ ಎಂದರ್ಥ.

ಮೊದಲ ಓಟದಲ್ಲಿ ಉರುಳೆಗಳ ಮುಂದಿನ ಕಾವಲು ತೆಗೆದಿಟ್ಟು 'ಹೇಗೆ ತಿರುಗುತ್ತದೆ ನೋಡೋಣ' ಎನ್ನುವ ಆಸೆ ಸಹಜ. ಉರುಳೆಯ ಮೈ ನಿಮಿಷಕ್ಕೆ 20 ಮೀಟರು ಓಡುತ್ತಿದ್ದರೆ ಬೆರಳ ತುದಿಯಿಂದ ಮೊಣಕೈವರೆಗೆ ಎಳೆದುಕೊಳ್ಳಲು ಅದಕ್ಕೆ ಒಂದೂವರೆ ಸೆಕೆಂಡು ಸಾಕು. ಕೂಗು ಕೇಳಿ ಇನ್ನೊಬ್ಬರು ಗುಂಡಿ ಒತ್ತುವಷ್ಟರಲ್ಲಿ ಆ ಕಾಲ ಕಳೆದಿರುತ್ತದೆ. ಕಾವಲನ್ನು ಹಾಕಿಯೇ ಓಡಿಸಬೇಕು.

ನಿಲ್ಲಿಸಿದ ದಿನದ ನಾಲ್ಕು ಮೂಲೆಗಳ ಓದುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ವಾರದ ನಂತರವೂ ಮೊದಲ ಮಳೆಗಾಲ ಮುಗಿದು ನೆಲ ಆರಿದ ಮೇಲೆ ಅಕ್ಟೋಬರಿನ ಸುಮಾರಿಗೂ ಅದೇ ಜಾಗಗಳಲ್ಲಿ ರಸಮಟ್ಟವನ್ನಿಟ್ಟು ಆ ಓದುಗಳೊಡನೆ ಹೋಲಿಸಬೇಕು.