ಎಳೆಯರ ತಪ್ಪು, ಹಿರಿಯರ ನ್ಯಾಯ

ತಪ್ಪು ಮಾಡಿದವನಿಗೆ ತಕ್ಕ ಶಿಕ್ಷೆಯಾಗಬೇಕೆಂಬುದು ನ್ಯಾಯದ ಮೊದಲ ಪಾಠ. ಆದರೆ ತಪ್ಪು ಮಾಡಿದವನು ಹದಿನೈದು ವರ್ಷದ ಬಾಲಕನಾಗಿದ್ದರೆ ಏನು ಮಾಡತಕ್ಕದ್ದು? ಬೆಳೆದವನಿಗೆ ವಿಧಿಸುವ ಶಿಕ್ಷೆಯನ್ನೇ ಅವನಿಗೂ ವಿಧಿಸಿದರೆ ಅದು ನ್ಯಾಯವೆನಿಸಲಾರದು. ಏನೂ ನಡೆದಿಲ್ಲವೆಂಬಂತೆ ಬಿಟ್ಟುಬಿಟ್ಟರೆ ಅದೂ ನ್ಯಾಯವೆನಿಸಲಾರದು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನಮ್ಮ ಹಿರಿಯರು ಕೇಳಿದರು. ಎಳೆಯ ಮನಸ್ಸು ಕೆಟ್ಟ ಸಹವಾಸಕ್ಕೂ ಹಸಿವಿಗೂ ಬೇಗನೆ ಬಾಗುತ್ತದೆ. ಅಷ್ಟೇ ಬೇಗನೆ ಒಳಿತಿನ ಕಡೆಗೂ ಬಾಗಬಲ್ಲದು. ಬಾಲನ್ಯಾಯವೆಂಬ ವ್ಯವಸ್ಥೆ ನಿಂತಿರುವುದು ಈ ನಂಬಿಕೆಯ ಮೇಲೆ.

ಈ ನಂಬಿಕೆ ಕಾನೂನಿನ ರೂಪವನ್ನು ತಾಳಲು ಬಹುಕಾಲ ಹಿಡಿಯಿತು. ನಮ್ಮ ದೇಶದಲ್ಲಿ 1850ರ ಅಪ್ರೆಂಟಿಸ್ ಕಾಯಿದೆಯು, ಸಣ್ಣಪುಟ್ಟ ಅಪರಾಧ ಮಾಡಿದ ಮಕ್ಕಳನ್ನು ಸೆರೆಮನೆಗೆ ಅಟ್ಟದೆ ಕಸುಬು ಕಲಿಯಲು ಒಪ್ಪಿಸುವ ಅವಕಾಶವನ್ನು ಕಲ್ಪಿಸಿತು. 1860ರ ಭಾರತೀಯ ದಂಡಸಂಹಿತೆಯು ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲವೆಂದು ಸಾರಿತು. ಏಳರಿಂದ ಹನ್ನೆರಡು ವರ್ಷದವರೆಗಿನ ಮಗುವಿಗೆ ತಾನು ಮಾಡಿದ್ದರ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲವೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ನಿಯಮಗಳನ್ನು ಉಳಿಸಿಕೊಂಡಿದೆ.

1899ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯವೊಂದು ಆರಂಭವಾಯಿತು. ಭಾರತದ ಸೆರೆಮನೆಗಳನ್ನು ಪರಿಶೀಲಿಸಿದ 1919–20ರ ಸಮಿತಿಯು ಇಲ್ಲಿಯೂ ಮಕ್ಕಳ ವಿಚಾರಣೆ ಬೇರೆಯಾಗಿಯೇ ನಡೆಯಬೇಕೆಂದು ಸಲಹೆ ಮಾಡಿತು. ಆ ಬಳಿಕ ಮದರಾಸು ಪ್ರಾಂತದಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ, ಮುಂಬಯಿ ಪ್ರಾಂತದಲ್ಲಿ 1924ರಲ್ಲಿ ಮಕ್ಕಳ ಕಾಯಿದೆಗಳು ರಚಿತವಾದವು. ನಮ್ಮ ರಾಜ್ಯವು ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ, 1964ರಲ್ಲಿ, ಇಲ್ಲಿಯೂ ಅಂತಹ ಕಾಯಿದೆ ಬಂದಿತು.

ಆದರೆ ಕಾಗದದ ಮೇಲಿನ ಕಾನೂನೇ ಬೇರೆ, ನಡೆವಳಿಕೆಯೇ ಬೇರೆ. ದೇಶದ ಹಲವು ಸೆರೆಮನೆಗಳಲ್ಲಿ ಮಕ್ಕಳು ಇನ್ನೂ ಕೊಳೆಯುತ್ತಿರುವರೆಂದು ಪತ್ರಕರ್ತೆ ಶೀಲಾ ಬರ್ಸೆಯವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮಕ್ಕಳನ್ನು ಸೆರೆಯಲ್ಲಿ ಇಡಕೂಡದೆಂದೂ, ರಾಜ್ಯಕ್ಕೊಂದು ಕಾಯಿದೆಯಿರುವ ಬದಲು ಸಂಸತ್ತೇ ಏಕರೂಪದ ಕಾಯಿದೆ ಮಾಡುವುದು ಒಳಿತೆಂದೂ ನ್ಯಾಯಾಲಯವು 1986ರಲ್ಲಿ ಹೇಳಿತು. ಅದೇ ವರ್ಷ ಬಾಲನ್ಯಾಯ ಕಾಯಿದೆ ರಚಿತವಾಯಿತು. ಅದರ ಪ್ರಕಾರ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವರ್ಷ ಬಾಲ್ಯದ ಎಲ್ಲೆಯಾಗಿತ್ತು. 2000ದ ಕಾಯಿದೆಯು ಇಬ್ಬರಿಗೂ ಹದಿನೆಂಟು ವರ್ಷವೆಂದು ಗೊತ್ತುಪಡಿಸಿತು. ಈಗ ಜಾರಿಯಲ್ಲಿರುವುದು 2015ರ ಕಾಯಿದೆ.

ಈ ಕಾಯಿದೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಬಾಲಕನೊಬ್ಬನು ಸೈಕಲ್ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದನೆನ್ನಿ. ಅವನನ್ನು ಪೊಲೀಸ್ ಠಾಣೆಯ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ. ಕೈಗೆ ಕೋಳ ತೊಡಿಸುವಂತಿಲ್ಲ. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಇರುತ್ತಾರೆ. ಈ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅಲ್ಲಿ ಎತ್ತರದ ಪೀಠವಿರಕೂಡದು, ಕಟಕಟೆಯಿರಕೂಡದು.

ಮೊದಲು ಇತ್ಯರ್ಥವಾಗಬೇಕಾದುದು ಬಾಲಕನ ವಯಸ್ಸು. ಅದರ ಬಗ್ಗೆ ಸಂದೇಹ ಬಂದಾಗ ಶಾಲೆ ನೀಡಿದ ಜನ್ಮದಿನಾಂಕದ ಪ್ರಮಾಣಪತ್ರವನ್ನೋ ಮೆಟ್ರಿಕ್ ಪ್ರಮಾಣಪತ್ರವನ್ನೋ ನೋಡುತ್ತಾರೆ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರವನ್ನು. ಅದೂ ಇಲ್ಲದಿದ್ದರೆ ಮಾತ್ರ ವೈದ್ಯರ ಪರೀಕ್ಷೆ. ಶಾಲೆಗೆ ಸೇರಿಸುವ ದಿನ ಉಪಾಧ್ಯಾಯರು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ಒಂದು ಸಾಲು ಹೀಗೆ ಮುಂದೊಂದು ದಿನ ಬಾಲಕನ ಹಣೆಬರಹವನ್ನೇ ನಿರ್ಧರಿಸಬಹುದು.

ಮಂಡಳಿಯು ಸಾಮಾನ್ಯವಾಗಿ ಬಾಲಕನನ್ನು ಜಾಮೀನಿನ ಮೇಲೆ ಮನೆಗೆ ಕಳುಹಿಸುತ್ತದೆ. ಕೆಟ್ಟ ಜನರ ಕೈಗೆ ಮತ್ತೆ ಸಿಕ್ಕುವ ಭಯವಿದ್ದಂತಹ ಸಂದರ್ಭಗಳಲ್ಲಿ ವೀಕ್ಷಣಾಲಯದಲ್ಲಿ ಇರಿಸುತ್ತದೆ. ಅವನ ಮನೆ, ಓದು, ಗೆಳೆಯರು ಎಂತಹವರೆಂಬುದನ್ನು ಅಧಿಕಾರಿಯೊಬ್ಬರು ವಿಚಾರಿಸಿ ವರದಿ ಮಾಡುತ್ತಾರೆ. ತಪ್ಪು ಸಾಬೀತಾದರೆ ಬುದ್ಧಿವಾದ ಹೇಳಿ ಕಳುಹಿಸುವುದು, ಸಮಾಜಸೇವೆಯಲ್ಲಿ ತೊಡಗಿಸುವುದು, ಸನ್ನಡತೆಯ ಭರವಸೆಯ ಮೇಲೆ ತಂದೆತಾಯಿಗಳಿಗೆ ಒಪ್ಪಿಸುವುದು, ಗರಿಷ್ಠ ಮೂರು ವರ್ಷಗಳ ಕಾಲ ವಿಶೇಷ ಗೃಹದಲ್ಲಿ ಇರಿಸಿ ಶಿಕ್ಷಣ ಕೊಡಿಸುವುದು—ಇಂತಹ ದಾರಿಗಳಲ್ಲಿ ತಕ್ಕುದನ್ನು ಮಂಡಳಿಯು ಆರಿಸುತ್ತದೆ. ಬಾಲಕನ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಶಾಲೆಯ ಹೆಸರನ್ನಾಗಲಿ ಪತ್ರಿಕೆಗಳು ಪ್ರಕಟಿಸಕೂಡದು.

ಸೈಕಲ್ ಕಳವಿನ ಮಾತು ಸರಿ, ಘೋರ ಕೃತ್ಯವಾಗಿದ್ದರೆ? 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಯುವತಿಯೊಬ್ಬಳು ಅಮಾನುಷವಾದ ದೌರ್ಜನ್ಯಕ್ಕೆ ತುತ್ತಾಗಿ ಅಸುನೀಗಿದಳು. ಅಪರಾಧಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಉಳಿದಿದ್ದವು. ಅವನಿಗೆ ದೊರೆತದ್ದು ಮೂರು ವರ್ಷಗಳ ವಿಶೇಷ ಗೃಹವಾಸ ಮಾತ್ರ. ದೇಶವೇ ನೊಂದು ಕೆರಳಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ವಯಸ್ಸಿನ ಎಲ್ಲೆಯನ್ನು ಹದಿನಾರಕ್ಕೆ ಇಳಿಸಲು ಒಪ್ಪಲಿಲ್ಲ. ಆದರೂ 2015ರ ಕಾಯಿದೆಯಲ್ಲಿ ಹೊಸದೊಂದು ನಿಯಮ ಸೇರಿತು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಕನಿಷ್ಠ ಶಿಕ್ಷೆಯುಳ್ಳ ಘೋರ ಅಪರಾಧವನ್ನು ಹದಿನಾರು ದಾಟಿದವನು ಮಾಡಿದನೆಂಬ ಆರೋಪವಿದ್ದರೆ, ಅವನ ಮನೋಬಲವನ್ನೂ ಪರಿಣಾಮದ ಅರಿವನ್ನೂ ಮಂಡಳಿಯು ಮೊದಲು ಅಳೆಯಬೇಕು. ವಯಸ್ಕನಂತೆ ವಿಚಾರಣೆ ಅಗತ್ಯವೆಂದು ತೋರಿದರೆ ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಅಲ್ಲಿಯೂ ಅವನಿಗೆ ಮರಣದಂಡನೆಯಾಗಲಿ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿ ಸೆರೆಯಾಗಲಿ ಇಲ್ಲ.

ಈ ನಿಯಮ ಸಾಲದೆನ್ನುವವರುಂಟು, ಅತಿಯಾಯಿತೆನ್ನುವವರೂ ಉಂಟು. ಮಗಳನ್ನು ಕಳೆದುಕೊಂಡ ತಾಯಿಯ ದುಃಖಕ್ಕೆ ಅಪರಾಧಿಯ ವಯಸ್ಸು ಸಮಾಧಾನ ಹೇಳಲಾರದು. ಆ ದುಃಖವನ್ನು ಮರೆತ ಕರುಣೆ ಕರುಣೆಯಲ್ಲ. ಆದರೆ ಹದಿನಾರರ ಹುಡುಗನು ಶಿಕ್ಷೆ ಮುಗಿಸಿ ಹೊರಬಂದ ಮೇಲೆ ಇನ್ನೂ ಅರ್ಧ ಶತಮಾನ ನಮ್ಮ ನಡುವೆಯೇ ಬಾಳಬೇಕಾದವನು. ಅವನು ಪಳಗಿದ ಅಪರಾಧಿಯಾಗಿ ಹಿಂದಿರುಗಬೇಕೇ, ತನ್ನ ತಪ್ಪಿನ ಭಾರವನ್ನರಿತ ಮನುಷ್ಯನಾಗಿ ಹಿಂದಿರುಗಬೇಕೇ ಎಂಬುದು ನಾವು ಅವನನ್ನು ನಡೆಸಿಕೊಳ್ಳುವ ರೀತಿಯನ್ನು ಅವಲಂಬಿಸಿದೆ.

ಸಾಮಾನ್ಯ ಪ್ರಕರಣಗಳಲ್ಲಿ, ಮೇಲ್ಮನವಿಯ ಅವಧಿ ಕಳೆದ ನಂತರ ತಕ್ಕ ಕಾಲದಲ್ಲಿ ದಾಖಲೆಗಳನ್ನು ನಾಶಪಡಿಸಬೇಕೆಂದು ಕಾಯಿದೆ ಹೇಳುತ್ತದೆ. ಹಳೆಯ ತಪ್ಪು ಮುಂದೆ ಅವನ ಓದಿಗೂ ನೌಕರಿಗೂ ಅಡ್ಡ ಬರಕೂಡದು. ಕಡತದಿಂದ ಹೆಸರನ್ನು ಅಳಿಸುವುದು ಕಾನೂನಿಗೆ ಸಾಧ್ಯ. ಊರವರ ನಾಲಿಗೆಯಿಂದ ಅಳಿಸುವುದು ಅದಕ್ಕೆ ಸಾಧ್ಯವಿಲ್ಲ. ತಪ್ಪನ್ನು ತಿದ್ದಿಕೊಂಡು ಶಾಲೆಗೆ ಮರಳಿದ ಬಾಲಕನಿಗೆ ಬೆಂಚಿನ ಮೇಲೆ ಸ್ಥಳ ಬಿಡುವವರು ಮ್ಯಾಜಿಸ್ಟ್ರೇಟರಲ್ಲ, ಅವನ ಸಹಪಾಠಿಗಳು.