ಕವಲೊಡೆದ ಪ್ರೋಗ್ರಾಮಿನ ಬೆನ್ನು ಹಿಡಿಯುವ ಬಗೆ

ಕಚೇರಿಯ ಕೆಲಸ ಮುಗಿಸಿ, ಸಂಜೆ ಕಂಪ್ಯೂಟರ್ ವಿದ್ಯೆ ಕಲಿಯುವ ವಾಚಕ ಬಂಧುಗಳು ಆಗಾಗ ಕೇಳುವುದುಂಟು: "ಡಿಬಗ್ಗರಿನಲ್ಲಿ ನೋಡಿದರೆ ಪ್ರೋಗ್ರಾಮು ಸರಿಯಾಗಿಯೇ ಇದೆ, ಆದರೂ ಬಿಲ್ಲು ಅರ್ಧಕ್ಕೇ ನಿಲ್ಲುತ್ತದೆ. ತಪ್ಪೆಲ್ಲಿ?" ಹೊಣೆ ನೌಕರನ ತಲೆಗೆ ಬರುವ ಮೊದಲು ಇದನ್ನು ವಿಚಾರಿಸೋಣ.

ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ ಅದರ ಒಳಗನ್ನು ತೋರಿಸುವ ಸಾಧನವೇ ಡಿಬಗ್ಗರ್. ಹೀಗೆ ಓಡುತ್ತಿರುವುದಕ್ಕೆ ಪ್ರೋಸೆಸ್ ಎಂದು ಹೆಸರು. ಲಿನಕ್ಸಿನಲ್ಲಿ ಅದು 'ಫೋರ್ಕ್' ಎಂದು ಕರೆ ಕೊಟ್ಟರೆ ತದ್ರೂಪಿ ಮರಿಯೊಂದು ಹುಟ್ಟುತ್ತದೆ. ಆ ಕರೆಗೆ ಉತ್ತರವಾಗಿ ತಾಯಿಗೆ ಮರಿಯ ನಂಬರು ಸಿಗುತ್ತದೆ. ಮರಿಗೆ 0 ಸಿಗುತ್ತದೆ. ಇಬ್ಬರಲ್ಲೂ ವಿಳಾಸಗಳು ಒಂದೇ. ಅಲ್ಲಿರುವ ಸರಕು ಮಾತ್ರ ಬೇರೆ ಬೇರೆ.

ನಮ್ಮ ದಾದರ್ ಸ್ಟೇಷನ್ನನ್ನೇ ನೋಡಿ. 2023ರ ಡಿಸೆಂಬರಿನವರೆಗೆ ಇಲ್ಲಿ ಪಶ್ಚಿಮ ರೇಲ್ವೆಗೊಂದು, ಮಧ್ಯ ರೇಲ್ವೆಗೊಂದು ಒಂದನೇ ಪ್ಲಾಟ್‌ಫಾರ್ಮು ಇತ್ತು. "ಒಂದನೇ ನಂಬರಿನಲ್ಲಿ ನಿಲ್ಲು" ಎಂದರೆ ಸಾಲದು, ಯಾವ ಲೈನಿನದೆಂದೂ ಹೇಳಬೇಕಿತ್ತು. ಮಧ್ಯ ರೇಲ್ವೆಯ ಪ್ಲಾಟ್‌ಫಾರ್ಮುಗಳಿಗೆ 8ರಿಂದ 14ರ ವರೆಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಆ ತೊಡಕು ತೀರಿತು. ಡಿಬಗ್ಗರಿಗೂ ವಿಳಾಸದೊಡನೆ ಪ್ರೋಸೆಸ್ಸಿನ ನಂಬರು ಅವಶ್ಯ.

ಡಿಬಗ್ಗರಿಗೆ ಈ ಶಕ್ತಿಯನ್ನು ಕೂಡಿಸುವಾಗ ಮೂರು ಕೆಲಸಗಳಿವೆ.

ಒಂದನೆಯದು: ಪಿಟ್ರೇಸ್ ಎಂಬ ಕರೆಯ ಮೂಲಕ, ಫೋರ್ಕ್ ಆದೊಡನೆ ತಿಳಿಸಬೇಕೆಂದು ಕರ್ನೆಲ್ಲಿಗೆ ಮೊದಲೇ ಹೇಳಿಡಬೇಕು. ಆಗ ಮರಿಯೂ ಡಿಬಗ್ಗರಿನ ವಶಕ್ಕೆ ಬಂದು, ಹುಟ್ಟುತ್ತಲೇ ನಿಲ್ಲುತ್ತದೆ.

ಎರಡನೆಯದು: ಮರಿಯ ನಂಬರು ಕೇಳಿ ಪಡೆದು, ಅದಕ್ಕೆ ಪ್ರತ್ಯೇಕ ಲೆಕ್ಕ ತೆರೆಯಬೇಕು.

ಮೂರನೆಯದು ಬಹು ಮುಖ್ಯ. ಬ್ರೇಕ್‌ಪಾಯಿಂಟ್ ಎಂದರೆ, ಮೂಲ ಆದೇಶವನ್ನು ತೆಗೆದು ಅಲ್ಲಿ ಬರೆದಿಟ್ಟ ನಿಲುಗಡೆಯ ಆದೇಶ. ನಕಲಾಗುವಾಗ ಅದೂ ಮರಿಗೆ ಹೋಗುತ್ತದೆ. ಅದನ್ನು ಅಳಿಸದೆ ಮರಿಯನ್ನು ಬಿಟ್ಟುಬಿಟ್ಟರೆ, ಆ ಸ್ಥಳ ಮುಟ್ಟಿದಾಗ ಹಿಡಿಯುವವರಿಲ್ಲದೆ ಮರಿ ಸಾಯುತ್ತದೆ. ತಪ್ಪು ಹುಡುಕಲು ಬಂದ ಸಾಧನವೇ ಹೊಸ ತಪ್ಪನ್ನು ಹುಟ್ಟಿಸಿದಂತಾಯಿತು!

ಜಿಡಿಬಿ ಎಂಬ ಪ್ರಸಿದ್ಧ ಡಿಬಗ್ಗರಿನಲ್ಲಿ ಈ ಏರ್ಪಾಡೆಲ್ಲ ಇದೆ. ಆದರೆ ನಾವು ಏನೂ ಹೇಳದಿದ್ದರೆ ಅದು ತಾಯಿಯನ್ನೇ ಹಿಂಬಾಲಿಸಿ ಮರಿಯನ್ನು ಬಿಟ್ಟುಬಿಡುತ್ತದೆ. ಮರಿಯ ಹಿಂದೆ ಹೋಗಲು 'ಸೆಟ್ ಫಾಲೋ-ಫೋರ್ಕ್-ಮೋಡ್ ಚೈಲ್ಡ್' ಎನ್ನಬೇಕು. ಇಬ್ಬರನ್ನೂ ಹಿಡಿದಿಡಲು 'ಸೆಟ್ ಡಿಟ್ಯಾಚ್-ಆನ್-ಫೋರ್ಕ್ ಆಫ್' ಎನ್ನಬೇಕು.

ಬಿಲ್ಲು ಬರೆಯುವುದು ಮರಿಯಾಗಿದ್ದು, ನಾವು ತಾಯಿಯ ಬಳಿಯೇ ಕಾದು ಕುಳಿತರೆ ತಪ್ಪು ಸಿಕ್ಕೀತೆ? ಇಂದೇ ಹತ್ತು ಸಾಲಿನ ಪ್ರೋಗ್ರಾಮು ಬರೆದು, ಒಂದು ಫೋರ್ಕ್ ಇಟ್ಟು, ಎರಡು ಬಗೆಯಲ್ಲೂ ಓಡಿಸಿ ನೋಡಿರಿ. ಓದಿದ್ದಕ್ಕಿಂತ ಕೈಯಾರೆ ಮಾಡಿದ್ದು ನಿಲ್ಲುತ್ತದೆ.